ಬೇರೆ ದೇಶದಿಂದ ಹೊಳೆ ಗಲೀಜಾಗಿ ಬಂದ್ರೆ ಯಾರನ್ನ ಕೇಳೋದು?

ಮೂಡಿಗೆರೆ ತೋಟದವ:
ಹೋದ ವರ್ಷ ಮಗಳ ಮನೆಗೆ ಅಂತ ಅಮೆರಿಕದ ಸ್ಯಾನ್ ಡಿಯಾಗೋಗೆ ಹೋಗಿದ್ದೆ, ಒಂದಿನ ಇಂಪೀರಿಯಲ್ ಬೀಚ್ ಅನ್ನೋ ಊರಿಗೆ ಕರ್ಕೊಂಡು ಹೋದ್ಲು, ಸಮುದ್ರ ಕಣ್ಣಿಗೆ ಹಬ್ಬ, ಆದ್ರೆ ನೀರಿಗೆ ಇಳೀಬೇಡಿ ಅಂತ ಮರಳಲ್ಲಿ ಬೋರ್ಡ್ ನೆಟ್ಟಿದ್ದಾರೆ, ಕಾರಿನ ಗ್ಲಾಸ್ ಇಳಿಸಿದ್ರೆ ಚರಂಡಿ ವಾಸನೆ. ಟಿಹುವಾನಾ ಹೊಳೆಯಂತೆ, ಮೆಕ್ಸಿಕೋದ ಕೊಳಚೆ ಹೊತ್ಕೊಂಡು ಗಡಿ ದಾಟಿ ಬಂದು ಅಲ್ಲಿ ಸಮುದ್ರ ಸೇರುತ್ತೆ. ನಮ್ಮ ಹಳ್ಳಕ್ಕೆ ಜನವರೀಲಿ ಮೇಲಿನ ತೋಟದ ಪಲ್ಪರ್ ನೀರು, ಅಂದ್ರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಮಿಷನ್ನಿನ ಗಲೀಜು ನೀರು ಬಂದ್ರೆ ಹೋಗಿ ಗಲಾಟೆ ಮಾಡಬಹುದು, ಪಂಚಾಯ್ತಿ ಇದೆ, ಮಾಲಿನ್ಯ ಮಂಡಳಿ ಇದೆ. ಎರಡು ದೇಶ ಅಂದ್ರೆ ಯಾರ ಹತ್ರ ಹೋಗೋದು? ಗೊತ್ತಿದ್ದೋರು ಬಿಡಿಸಿ ಹೇಳಿ.

ಹಾಸನ ಇಂಜಿನಿಯರ್:
ಸಾರ್, ಅಲ್ಲಿ ಎರಡೂ ದೇಶದ್ದು ಸೇರಿ ಗಡಿ ಮತ್ತೆ ನೀರಿನ ಆಯೋಗ ಇದೆ, 1944ರ ಒಪ್ಪಂದದ್ದು. ಮೆಕ್ಸಿಕೋ ಕಡೆ ಇರೋ ಟಿಹುವಾನಾ ಊರಿನ ಕೊಳಚೆ ಶುದ್ಧ ಮಾಡೋಕೆ ಅಮೆರಿಕದ ನೆಲದಲ್ಲೇ ಪ್ಲಾಂಟ್ ಕಟ್ಟಿದ್ರು, ಮೊದಲು ದಿನಕ್ಕೆ ಸುಮಾರು 9.5 ಕೋಟಿ ಲೀಟರ್ ಲೆಕ್ಕಕ್ಕೆ. ಊರು ಬೆಳೀತು, ಪೈಪು ಪಂಪು ಹಳೇದಾಯ್ತು, ಮಳೆ ಬಂದ್ರೆ ಎಲ್ಲಾ ಹೊಳೆಗೇ. 2022ರಲ್ಲಿ ಒಂದು ಒಪ್ಪಂದ, 2025ರ ಜುಲೈನಲ್ಲಿ ಮತ್ತೊಂದು. ಯುಜಿಡಿ ಅಂದ್ರೆ ಒಳಚರಂಡಿ ಕೆಲಸ ಮಾಡಿರೋನಾಗಿ ಹೇಳ್ತೀನಿ, ಸಹಿ ಹಾಕೋದು ಸುಲಭ, ಪಂಪು ಕೆಟ್ಟ ದಿನ ರಿಪೇರಿಗೆ ದುಡ್ಡು ಕೈಲಿರಬೇಕು.

ಬೇಲೂರು ಮೇಷ್ಟ್ರು:
ಯುರೋಪಿನ ರೈನ್ ನದಿ ನೋಡಿ. ಅದಕ್ಕೆ 1950ರಿಂದ್ಲೇ ಜಂಟಿ ಆಯೋಗ ಇತ್ತು, ಆದ್ರೂ ಫ್ರಾನ್ಸಿನ ಪೊಟ್ಯಾಷ್ ಗಣಿಗಳಿಂದ ಉಪ್ಪು ಹೊಳೆಗೆ ಬರ್ತಾನೇ ಇತ್ತು, ಕೊನೇಲಿರೋ ನೆದರ್ಲೆಂಡ್ಸ್‌ನವರಿಗೆ ಕುಡಿಯೋಕೂ ಕಷ್ಟ ಬೆಳೆಗೂ ಕಷ್ಟ. 1976ರ ಒಪ್ಪಂದದಲ್ಲಿ ಆ ಉಪ್ಪು ತಡೆಯೋ ಖರ್ಚು ಹಂಚ್ಕೊಂಡ್ರು, ನೂರಕ್ಕೆ 30 ಫ್ರಾನ್ಸ್, 30 ಜರ್ಮನಿ, 6 ಸ್ವಿಟ್ಜರ್ಲೆಂಡ್, ನೆದರ್ಲೆಂಡ್ಸ್ 34! 1986ರ ನವೆಂಬರ್ 1ಕ್ಕೆ ಸ್ವಿಟ್ಜರ್ಲೆಂಡಿನ ಬಾಸೆಲ್ ಹತ್ರ ಕೆಮಿಕಲ್ ಗೋಡೌನ್‌ಗೆ ಬೆಂಕಿ ಬಿತ್ತು, ಆರಿಸಿದ ನೀರು ಕೀಟನಾಶಕ ತೊಳ್ಕೊಂಡು ಹೊಳೆಗೆ ಹೋಗಿ ಹೊಳೆ ಕೆಂಪಾಯ್ತು, ಹಾವುಮೀನು ರಾಶಿರಾಶಿ ಸತ್ವು. ಮಾರನೇ ವರ್ಷವೇ ಎಲ್ಲಾ ದೇಶ ಕೂತು 2000ನೇ ಇಸವಿಯೊಳಗೆ ಸಾಲ್ಮನ್ ಮೀನು ವಾಪಸ್ ಬರಬೇಕು ಅಂತ ಗುರಿ ಇಟ್ಕೊಂಡ್ರು. ಬಂತು ಕೂಡ.

ಮೂಡಿಗೆರೆ ತೋಟದವ:
ಮೇಷ್ಟ್ರೇ, ಗಲೀಜು ಕುಡಿದವನೇ ಜಾಸ್ತಿ ದುಡ್ಡು ಕೊಡೋದು ಯಾವ ನ್ಯಾಯ?

ಬಾಳೆಹೊನ್ನೂರು ಅಕ್ಕ:
ನ್ಯಾಯ ಅಲ್ಲಣ್ಣ, ಆದ್ರೆ ನಮ್ಮಲ್ಲೂ ಹಂಗೇ ಆಗಿದ್ದು. ಮೇಲಿನ ಮನೆಯವರು ಪಲ್ಪರ್ ನೀರು ಸೀದಾ ಹಳ್ಳಕ್ಕೆ ಬಿಡೋರು, ಕಲ್ಲಿನ ಮೇಲೆಲ್ಲಾ ಕಂದು ಲೋಳೆ, ಹಸು ಮೂಸಿ ವಾಪಸ್ ಬರೋವು. ನಾಲ್ಕು ವರ್ಷ ಜಗಳ ಆಡಿದ್ವಿ, ಮಾತೇ ನಿಂತೋಯ್ತು. ಆಮೇಲೆ ನಮ್ಮವರು ಜೆಸಿಬಿ ಬಾಡಿಗೆ ಅರ್ಧ ನಾವು ಕೊಡ್ತೀವಿ ಗುಂಡಿ ತೆಗ್ಸಿ ಅಂದ್ರು. ಈಗ ನೀರು ಗುಂಡಿಲೇ ನಿಲ್ಲುತ್ತೆ, ಸುಣ್ಣ ಹಾಕ್ತಾರೆ, ಹೋದ ಜನವರೀಲಿ ಹಸು ಹಳ್ಳಕ್ಕೆ ಬಾಯಿ ಹಾಕಿದ್ವು. ಇನ್ನೊಂದು ಮಾತು, ಹೇಮಾವತಿ ಹುಟ್ಟೋದು ನಿಮ್ಮ ತಾಲ್ಲೂಕಲ್ಲೇ ಅಲ್ವಾ, ಗೊರೂರಿನವರಿಗೆ ನೀವೇ ಮೇಲಿನ ಮನೆಯವರು.

ಮೂಡಿಗೆರೆ ತೋಟದವ:
ಹೌದಲ್ವಾ ಅಕ್ಕಾ, ನಮ್ಮ ಗುಂಡೀನೂ ಎರಡು ವರ್ಷದಿಂದ ಹೂಳು ತುಂಬ್ಕೊಂಡು ತುಳುಕ್ತಾ ಇದೆ. ನಿಮ್ದು ಎಷ್ಟು ಆಳ ತೆಗ್ಸಿದ್ರಿ, ಸುಣ್ಣ ಎಷ್ಟು ಹಾಕ್ತೀರಿ? ಹಣ್ಣು ಕೊಯ್ಲಿಗೆ ಮುಂಚೆ ಕ್ಲೀನ್ ಮಾಡಿಸ್ತೀನಿ.