ಮೇಷ್ಟ್ರ ಬಾಟಲಿಗೆ ಮೂರು ವರ್ಷ

ಸಂಜೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ನಾವು ಐದು ಜನ ಸೇರುತ್ತೇವೆ. ಹೆಸರಿಗೆ ವಾಕಿಂಗ್. ನಡೆಯುವುದು ಗೇಟಿನಿಂದ ಬೆಂಚಿನವರೆಗೆ ಮಾತ್ರ. ಮೊನ್ನೆ ಮೇಷ್ಟ್ರು ಚೀಲದಿಂದ ಬಾಟಲಿ ತೆಗೆದು ಗಟಗಟ ನೀರು ಕುಡಿದರು.

"ಇದು ಹೋದ ವರ್ಷ ಧರ್ಮಸ್ಥಳಕ್ಕೆ ಹೋಗುವಾಗ ಕೊಂಡಿದ್ದಲ್ವಾ?" ಎಂದ ಇಂಜಿನಿಯರ್.

"ಹೋದ ವರ್ಷ ಅಲ್ಲ ಮಾರಾಯ, ಮೂರು ವರ್ಷ ಆಯ್ತು. 20 ರೂಪಾಯಿ ಕೊಟ್ಟಿದ್ದೀನಿ. ಇನ್ನೂ ವಸೂಲಾಗಿಲ್ಲ."

ಲೇಬಲ್ ಯಾವತ್ತೋ ಕಿತ್ತು ಹೋಗಿತ್ತು. ಮೈತುಂಬ ಗೀರು. ಸೊಂಟದ ಹತ್ತಿರ ಒಂದು ನೆಗ್ಗು. ಕುಡಿಯುವಾಗ ಒಳಗೆ ಹೋಗಿ, ಬಾಯಿಂದ ತೆಗೆದಾಗ ಟಪ್ ಅಂತ ಹೊರಗೆ ಬರುತ್ತಿತ್ತು.

"ಕ್ಯಾನ್ಸರ್ ಬರುತ್ತೆ ಸಾರ್," ಎಂದರು ಅಂಗಡಿ ಶೆಟ್ರು. ಅವರಿಗೆ ಎಲ್ಲಾ ಕಾಯಿಲೆಯೂ ವಾಟ್ಸಾಪಿನಿಂದಲೇ ಬರುವುದು. "ಪ್ಲಾಸ್ಟಿಕ್ಕಿನಲ್ಲಿ ಬಿಪಿಎ ಅನ್ನೋ ಕೆಮಿಕಲ್ ಇರುತ್ತಂತೆ."

ಇಂಜಿನಿಯರ್ ಬಾಟಲಿ ತಲೆಕೆಳಗು ಮಾಡಿದ. ತಳದಲ್ಲಿ ತ್ರಿಕೋನ, ಅದರೊಳಗೆ 1. "ಒಂದು ಅಂದ್ರೆ ಪೆಟ್ ಅನ್ನೋ ಪ್ಲಾಸ್ಟಿಕ್. ಇದಕ್ಕೆ ಬಿಪಿಎ ಬಳಸೋದೇ ಇಲ್ಲ. ಅದು ಪಾಲಿಕಾರ್ಬೊನೇಟ್ ಅನ್ನೋ ಗಟ್ಟಿ ಪ್ಲಾಸ್ಟಿಕ್ಕಿನ ಸಮಾಚಾರ. ನಿಮ್ಮ ಅಂಗಡಿಯ ನೀಲಿ 20 ಲೀಟರ್ ಕ್ಯಾನು ಯಾವುದರದ್ದು ನೋಡಿದ್ದೀರಾ?"

"ಅದು ಗಿರಾಕಿಗಳಿಗೆ ಬಿಡಿ. ನಾನು ಮನೆಯಿಂದ ತರ್ತೀನಿ," ಎಂದರು ಶೆಟ್ರು.

"ಪೆಟ್‌ ಮಾಡುವಾಗ ಆಂಟಿಮನಿ ಅನ್ನೋ ಲೋಹದಂಥ ವಸ್ತು ಹಾಕ್ತಾರೆ," ಎಂದ ಇಂಜಿನಿಯರ್. "ಒಂಚೂರು ನೀರಿಗೆ ಇಳಿಯುತ್ತೆ. ನೆರಳಲ್ಲಿದ್ರೆ ತಲೆ ಕೆಡಿಸಿಕೊಳ್ಳುವಷ್ಟಿಲ್ಲ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ವಾರಗಟ್ಟಲೆ ಬಿಟ್ರೆ ಜಾಸ್ತಿ ಇಳಿಯುತ್ತೆ."

"ಮತ್ತೆ ಬಾಟಲಿಲಿ ನೀರು ತುಂಬಿ ಆರು ಗಂಟೆ ಬಿಸಿಲಿಗಿಟ್ರೆ ರೋಗಾಣು ಸಾಯುತ್ತೆ ಅಂತಾರಲ್ಲ?" ಎಂದೆ.

"ಅದೂ ನಿಜ. ಸೋಡಿಸ್ ಅಂತ ಅದಕ್ಕೆ ಹೆಸರು. ಅದಕ್ಕೂ ಪೆಟ್ ಬಾಟಲಿನೇ ಬೇಕು."

ಮೇಷ್ಟ್ರು ಚಪ್ಪಾಳೆ ತಟ್ಟಿದರು. "ಇಡಬೇಕೋ, ಇಡಬಾರದೋ? ಒಂದು ಹೇಳು!"

"ಕೆರೆ ನೀರೇ ಗತಿ ಅನ್ನುವ ಕಡೆ ಇಡಬೇಕು. ಭೇದಿಯಲ್ಲಿ ಇವತ್ತೇ ಹೋಗೋದಕ್ಕಿಂತ ಅದು ವಾಸಿ. ನಿಮ್ಮನೇಲಿ ಫಿಲ್ಟರ್ ಇದೆ, ನೀವು ಇಡಬೇಡಿ."

ಅಷ್ಟರಲ್ಲಿ ನರ್ಸಮ್ಮ ಮುಚ್ಚಳ ಕೈಗೆ ತೆಗೆದುಕೊಂಡರು. ನಿವೃತ್ತಿಯಾದರೂ ಅವರ ಮೂಗು ಇನ್ನೂ ಡ್ಯೂಟಿಯಲ್ಲಿದೆ. ಮುಚ್ಚಳದ ಒಳಗಿನ ತಿರುಪಿನ ಸಂದಿಯಲ್ಲಿ ಕಪ್ಪು ಗೆರೆ. ಉಗುರಿನಿಂದ ಕೆರೆದರೆ ಲೋಳೆ ಎದ್ದು ಬಂತು.

"ಯಾವಾಗ ತೊಳೆದಿದ್ದು?"

"ತೊಳೆಯೋದಾ? ಹಾಕೋದು ನೀರು ತಾನೇ! ನೀರನ್ನ ಯಾರಾದ್ರೂ ನೀರಲ್ಲಿ ತೊಳೀತಾರಾ?"

"ಕಚ್ಚಿ ಕುಡೀತೀರಲ್ಲ, ಎಂಜಲು ವಾಪಸ್ ಒಳಗೇ ಹೋಗುತ್ತೆ. ಈ ಗೀರುಗಳಲ್ಲಿ ಮನೆ ಮಾಡುತ್ತೆ. ನಿಮಗೆ ಕೆಮಿಕಲ್ ಏನೂ ಮಾಡಲ್ಲ ಮೇಷ್ಟ್ರೇ, ನಿಮ್ಮ ಎಂಜಲೇ ಸಾಕು."

ತೊಳೆಯುವುದು ಸುಲಭವೂ ಅಲ್ಲ ಎನ್ನಿ. ಆ ಕತ್ತಿನೊಳಗೆ ಕೈ ಹೋಗದು. ಒಂದು ಹಿಡಿ ಅಕ್ಕಿ, ಕಲ್ಲುಪ್ಪು, ಸ್ವಲ್ಪ ನೀರು ಹಾಕಿ ಕುಲುಕಬೇಕು. ಕುದಿಯುವ ನೀರು ಹಾಕಿದರೆ ನನ್ನ ಗತಿ. ಒಮ್ಮೆ ನೆಗಡಿ ಅಂತ ಒಲೆಯಿಂದ ಇಳಿಸಿದ ಕಷಾಯ ಸುರಿದೆ. 70 ಡಿಗ್ರಿ ಆಸುಪಾಸಿಗೇ ಪೆಟ್ ಮೆತ್ತಗಾಗುತ್ತದೆ. ಬಾಟಲಿ ಕೈಯಲ್ಲೇ ಹಪ್ಪಳದ ಹಾಗೆ ಮುದುಡಿತು. ಕಷಾಯ ಲುಂಗಿಯ ಮೇಲೆ. ನೆಗಡಿ ಮರೆತುಹೋಯಿತು.

"ನಾನು ಪರಿಸರಕ್ಕೋಸ್ಕರ ಮಾಡ್ತಿರೋದು," ಎಂದರು ಮೇಷ್ಟ್ರು. ಸೋತಾಗಲೆಲ್ಲ ಅವರಿಗೆ ಪರಿಸರ ನೆನಪಾಗುತ್ತದೆ.

"ಪರಿಸರದ ಮಾತು ಆಮೇಲೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು 2024ರಲ್ಲಿ ಲೆಕ್ಕ ಕೊಟ್ಟರು," ಎಂದ ಇಂಜಿನಿಯರ್. "ಬಾಟಲಿ ನೀರಲ್ಲಿ ಲೀಟರಿಗೆ ಸರಾಸರಿ 2.4 ಲಕ್ಷ ಪ್ಲಾಸ್ಟಿಕ್ ಕಣ."

"ಹಾಗಾದ್ರೆ ಮೂರು ವರ್ಷಕ್ಕೆ ನನ್ನ ಬಾಟಲಿ ಕರಗಿ ಹೋಗಿರಬೇಕಿತ್ತು!"

"ಕರಗೋದು ಬಿಡಿ, ಪರಿಸರ ಅಂದ್ರಲ್ಲ," ಎಂದ ಇಂಜಿನಿಯರ್. "ಶೆಟ್ರು ಗೇಟಿಗೆ ನೀಲಿ ನೀರಿನ ಬಾಟಲಿ ಆರು ಕಟ್ಟಿದ್ದಾರೆ, ನಾಯಿ ಬರಬಾರದು ಅಂತ. ಚಿಂದಿ ಆಯುವವರು ಮೊದಲು ಎತ್ತೋದೇ ಪೆಟ್. ಅದು ದಾರವಾಗಿ ಬಟ್ಟೆ ಆಗುತ್ತೆ. 2023ರಲ್ಲಿ ಬೆಂಗಳೂರಿನಲ್ಲಿ ಪ್ರಧಾನಿಗೆ ಉಡುಗೊರೆ ಕೊಟ್ಟ ಜಾಕೆಟ್ಟೂ ಇಂಥ ಬಾಟಲಿಗಳದ್ದೇ. ಶೆಟ್ರ ಆರು ಮಾತ್ರ ಗೇಟಿನಲ್ಲೇ ನೇತಾಡ್ತಿವೆ."

"ಸ್ಟೀಲ್ ತಗೊಳ್ಳಿ ಅಂತೀರಾ?" ಎಂದರು ಶೆಟ್ರು.

ಸ್ಟೀಲ್ ಮಾಡಲು ಖರ್ಚಾಗುವ ಇಂಧನವೇನು ಕಡಿಮೆಯಲ್ಲ. ವರ್ಷಗಟ್ಟಲೆ ಬಳಸಿದರೆ ಮಾತ್ರ ಲಾಭ. ನಮ್ಮ ಮನೆಯ ಅಟ್ಟದಲ್ಲಿ ಆರು ಇವೆ. ಎಲ್ಲಾ ಗೃಹಪ್ರವೇಶ, ಉಪನಯನದ ಉಡುಗೊರೆ. ಬಾಟಲಿ ಮೇಲೆ ಯಾರದೋ ಹೆಸರು ಕೆತ್ತಿರುವುದರಿಂದ ಬೇರೆಯವರಿಗೆ ದಾಟಿಸುವ ಹಾಗೂ ಇಲ್ಲ.

ನರ್ಸಮ್ಮ ನಗಲಿಲ್ಲ. "ಬಾಟಲಿಯಿಂದ ಕ್ಯಾನ್ಸರ್ ಬಂತು ಅಂತ ನನ್ನ ಸರ್ವೀಸಿನಲ್ಲಿ ಒಬ್ಬರೂ ಬರಲಿಲ್ಲ. ನೀರು ಅಂತ ಸೀಮೆಎಣ್ಣೆ ಕುಡಿದ ಮಕ್ಕಳು ಬಂದಿದ್ದಾರೆ. ಫಿನಾಯಿಲ್ ಕುಡಿದವರೂ ಬಂದಿದ್ದಾರೆ. ನೀರಿನ ಬಾಟಲಿಗೆ ಹುಯ್ದು ಅಡುಗೆಮನೆ ಮೂಲೇಲಿ ಇಟ್ಟಿರ್ತಾರೆ. ನೀರಿನ ಬಾಟಲಿಗೆ ನೀರು ಬಿಟ್ಟು ಬೇರೆ ಏನೂ ಹಾಕಬೇಡಿ. ಹಾಕಲೇಬೇಕು ಅಂದ್ರೆ ದೊಡ್ಡಕ್ಷರದಲ್ಲಿ ಬರೆದು ಅಂಟಿಸಿ, ಮಕ್ಕಳ ಕೈಗೆ ಸಿಗದ ಹಾಗೆ ಮೇಲಿಡಿ."

ಬೆಂಚು ಸ್ವಲ್ಪ ಹೊತ್ತು ಸುಮ್ಮನಿತ್ತು.

ಮರುದಿನ ಮೇಷ್ಟ್ರ ಕೈಯಲ್ಲಿ ಸ್ಟೀಲ್ ಬಾಟಲಿ. ಮೇಲೆ ಯಾವುದೋ ಮದುವೆಯ ತಾರೀಖು.

"ಹಳೇದು ಗುಜರಿಗೆ ಹೋಯ್ತಾ?" ಎಂದೆ.

"ಇಲ್ಲಪ್ಪ, ನೀಲಿ ಹಾಕಿ ಗೇಟಿಗೆ ಕಟ್ಟಿದ್ದೀನಿ. ನರ್ಸಮ್ಮ ಹೇಳಿದ ಹಾಗೆ ‘ಕುಡಿಯಬೇಡಿ’ ಅಂತ ದೊಡ್ಡಕ್ಷರದಲ್ಲಿ ಬರೆದೂ ಅಂಟಿಸಿದ್ದೀನಿ."

"ಮತ್ತೆ ನಾಯಿ?"

"ಅದರ ಕೆಳಗೇ ಮಲಗಿದೆ. ಪಾಪ, ಓದೋಕೆ ಬರಲ್ಲ ಅಲ್ವಾ."