ಉದ್ಯೋಗದಲ್ಲಿದ್ದುಕೊಂಡೇ ಪೂರ್ಣ ಹೃದಯದ ಶಿಷ್ಯನಾಗಿರಲು ಸಾಧ್ಯವೇ?

ಬೆಳವಲದವನು:

ಕ್ರಿಸ್ತನಲ್ಲಿ ಪ್ರಿಯರಾದ ಎಲ್ಲರಿಗೂ ವಂದನೆಗಳು. ನನಗೀಗ 38 ವರ್ಷ. ಉತ್ತರ ಕರ್ನಾಟಕದ ಒಂದು ತಾಲೂಕು ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕನಾಗಿದ್ದೇನೆ. ವೃದ್ಧಾಪ್ಯ ವೇತನ, ವಿಧವಾ ವೇತನಗಳ ಅರ್ಜಿಗಳು ನನ್ನ ಮೇಜಿಗೆ ಬರುತ್ತವೆ. ಭಾನುವಾರ ಸಂಡೇ ಸ್ಕೂಲಿನ ಮಕ್ಕಳಿಗೆ ಪಾಠ ಹೇಳುತ್ತೇನೆ. ಎರಡು ವರ್ಷಗಳ ಹಿಂದೆ ತಂದೆಯವರಿಗೆ ಲಕ್ವಾ ಹೊಡೆದು ಎಡಭಾಗದ ಸ್ವಾಧೀನ ತಪ್ಪಿದೆ. ಬೆಳಿಗ್ಗೆ ಅವರ ಸ್ನಾನ, ಬಟ್ಟೆ, ಉಪಾಹಾರ ಮುಗಿಸಿಯೇ ನಾನು ಕಚೇರಿಗೆ ಹೊರಡಬೇಕು. ಹೆಂಡತಿ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ.

ಕಳೆದ ತಿಂಗಳು ನಮ್ಮ ಸಭೆಯಲ್ಲಿ ಮೂರು ದಿನಗಳ ಉಜ್ಜೀವನ ಕೂಟ ನಡೆಯಿತು. ಕೊನೆಯ ರಾತ್ರಿ ಪ್ರಸಂಗಿಗಳು, ಬಲೆಗಳನ್ನು ಬಿಟ್ಟುಬಂದ ಬೆಸ್ತರನ್ನೂ ಸುಂಕದ ಕಟ್ಟೆಯಿಂದ ಎದ್ದುಬಂದ ಲೇವಿಯನ್ನೂ ನೆನಪಿಸಿ, ಪೂರ್ಣಾವಧಿ ಸೇವೆಗೆ ತಮ್ಮನ್ನು ಒಪ್ಪಿಸಿಕೊಡುವವರು ಎದ್ದು ನಿಲ್ಲಬೇಕೆಂದು ಕರೆ ಕೊಟ್ಟರು. ಏಳು ಮಂದಿ ಎದ್ದರು. ನನ್ನ ಎದೆ ಬಡಿದುಕೊಳ್ಳುತ್ತಿತ್ತು, ಆದರೆ ನಾನು ಏಳಲಿಲ್ಲ. ಹೊರಗೆ ಬಂದಾಗ ಸಭೆಯ ಹಿರಿಯರೊಬ್ಬರು ಹೆಗಲ ಮೇಲೆ ಕೈಯಿಟ್ಟು, ದೇವರು ಅರ್ಧ ಹೃದಯವನ್ನು ಸ್ವೀಕರಿಸುವುದಿಲ್ಲ ಎಂದರು. ಅವರು ನನ್ನನ್ನು ಚಿಕ್ಕಂದಿನಿಂದ ಬಲ್ಲವರು. ನೋಯಿಸಲೆಂದು ಆಡಿದ ಮಾತಲ್ಲ. ಆದರೂ ಅಂದಿನಿಂದ ಪ್ರಾರ್ಥನೆಗೆ ಮೊಣಕಾಲೂರಿದಾಗಲೆಲ್ಲ ಅದೇ ಮಾತು ಎದುರಿಗೆ ಬಂದು ನಿಲ್ಲುತ್ತದೆ. ತನ್ನನ್ನು ನಿರಾಕರಿಸಿ ಶಿಲುಬೆಯನ್ನು ಹೊತ್ತುಕೊಂಡು ಬರಬೇಕೆಂಬ ಕರ್ತನ ಕರೆಯ ಮುಂದೆ, ಸಂಬಳ, ಸಾಲದ ಕಂತು, ತಂದೆಯವರ ಔಷಧಿ ಎಂದು ಲೆಕ್ಕ ಹಾಕುವ ನನ್ನಂಥವನು ಶಿಷ್ಯನೆನ್ನಿಸಿಕೊಳ್ಳಬಹುದೇ? ಸಮಾಧಾನದ ಮಾತು ಬೇಡ. ಸತ್ಯವೇದದ ಆಧಾರದಿಂದ ತಿಳಿದವರು ಹೇಳಬೇಕೆಂದು ಬೇಡುತ್ತೇನೆ.

ನಿವೃತ್ತ ಸಭಾಪಾಲಕ, ಮೈಸೂರು:

ಸಹೋದರರೇ, ನೀವು ಕೇಳಿದಂತೆ ವಾಕ್ಯದಿಂದಲೇ ಆರಂಭಿಸುತ್ತೇನೆ. ಶಿಲುಬೆ ಹೊರುವ ಮಾತು ಮತ್ತಾಯ, ಮಾರ್ಕ, ಲೂಕ ಈ ಮೂವರ ಸುವಾರ್ತೆಗಳಲ್ಲೂ ಇದೆ. ಆದರೆ ‘ದಿನಾಲೂ’ ಎಂಬ ಪದ ಸಿಗುವುದು ಲೂಕನ 9ನೆಯ ಅಧ್ಯಾಯದ 23ನೆಯ ವಚನದಲ್ಲಿ ಮಾತ್ರ. ಕೂಟದಲ್ಲಿ ಎದ್ದು ನಿಲ್ಲಲು ಎಷ್ಟು ಧೈರ್ಯ ಬೇಕೆಂಬುದನ್ನು ನಾನು ಬಲ್ಲೆ, ಏಕೆಂದರೆ 22ನೆಯ ವಯಸ್ಸಿನಲ್ಲಿ ಹಾಗೆ ಎದ್ದವನು ನಾನು. ಆ ರಾತ್ರಿ ನನಗೆ ಕಷ್ಟವೆನಿಸಲಿಲ್ಲ. ಆಮೇಲಿನ 40 ವರ್ಷಗಳ ಸಾಧಾರಣ ಬೆಳಗುಗಳು ಕಷ್ಟವಾದವು.

ಲೇವಿಯನ್ನು ಕಟ್ಟೆಯಿಂದ ಎಬ್ಬಿಸಿದ ಕರ್ತನು, ಮುಖ್ಯ ಸುಂಕದವನಾಗಿದ್ದ ಜಕ್ಕಾಯನ ಮನೆಯಲ್ಲಿ ಇಳಿದುಕೊಂಡನು. ಆದರೆ ಅವನ ಉದ್ಯೋಗವನ್ನು ಬಿಡಿಸಿದನೆಂದು ಎಲ್ಲಿಯೂ ಬರೆದಿಲ್ಲ. ಅನ್ಯಾಯವಾಗಿ ಪಡೆದದ್ದಿದ್ದರೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆಂದು ಅವನು ಹೇಳಿದಾಗ, ಈ ಮನೆಗೆ ರಕ್ಷಣೆಯಾಯಿತೆಂಬ ಮಾತು ಬಂತು. ಗೆರಸೇನರ ಸೀಮೆಯಲ್ಲಿ ದೆವ್ವದಿಂದ ಬಿಡುಗಡೆಯಾದವನಂತೂ ನಿನ್ನ ಸಂಗಡ ಬರುತ್ತೇನೆಂದು ತಾನಾಗಿ ಬೇಡಿಕೊಂಡರೂ ಕರ್ತನು ಒಪ್ಪದೆ, ಮನೆಗೆ ಹೋಗಿ ನಿನ್ನವರಿಗೆ ತಿಳಿಸೆಂದು ಕಳುಹಿಸಿದನು. ಮಾರ್ಕನ 5ನೆಯ ಅಧ್ಯಾಯವನ್ನು ಓದಿ ನೋಡಿ. ಬಿಟ್ಟು ಬಾ ಎಂದು ಕರೆದವನೇ ಹಿಂದಿರುಗಿ ಹೋಗೆಂದೂ ಕಳುಹಿಸಿದನು. ಇನ್ನು ತಂದೆಯವರ ವಿಷಯ: ಹೆತ್ತವರಿಗೆ ಸಲ್ಲಬೇಕಾದದ್ದನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಅರ್ಪಿತ, ಎಂದು ಹೇಳಿ ತಪ್ಪಿಸಿಕೊಳ್ಳುವವರನ್ನು ಆತನು ಮಾರ್ಕನ 7ನೆಯ ಅಧ್ಯಾಯದಲ್ಲಿ ಎಷ್ಟು ಕಠಿಣವಾಗಿ ಖಂಡಿಸಿದನೆಂಬುದು ನಿಮಗೆ ತಿಳಿದೇ ಇದೆ.

ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಒಂದು ಸಂಗತಿ. ವಿಧವಾ ವೇತನದ ಅರ್ಜಿಗಳು ಮೇಜಿಗೆ ಬರುತ್ತವೆಂದು ನೀವು ಹೇಳಿ, ಕೂಡಲೇ ಅದನ್ನು ಬಿಟ್ಟು ಸಂಡೇ ಸ್ಕೂಲಿನ ಮಾತಿಗೆ ಹೋಗಿದ್ದೀರಿ. ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯದಲ್ಲಿ ಯೆರೂಸಲೇಮಿನ ಸಭೆಯೊಳಗೆ ಎದ್ದ ಗುಣುಗುಟ್ಟುವಿಕೆ ಯಾವುದರ ಬಗ್ಗೆ? ಗ್ರೀಕ್ ಮಾತನಾಡುವ ವಿಧವೆಯರಿಗೆ ದಿನನಿತ್ಯದ ಪಾಲು ಸರಿಯಾಗಿ ಸಿಗುತ್ತಿಲ್ಲವೆಂಬುದರ ಬಗ್ಗೆ. ಆ ಹಂಚಿಕೆಗಾಗಿ ಪವಿತ್ರಾತ್ಮಭರಿತರಾದ ಏಳು ಮಂದಿಯನ್ನು ಆರಿಸಿ, ಪ್ರಾರ್ಥಿಸಿ, ಅವರ ಮೇಲೆ ಕೈಗಳನ್ನಿಟ್ಟರು. ಮುಂದೆ ಪ್ರಾಣ ಕೊಟ್ಟ ಸ್ತೆಫನನು ಅವರಲ್ಲಿ ಮೊದಲನೆಯವನು. ಮೂಲ ಗ್ರೀಕಿನಲ್ಲಿ ಆ ಅನ್ನದ ಹಂಚಿಕೆಗೂ ಅಪೊಸ್ತಲರ ವಾಕ್ಯೋಪದೇಶಕ್ಕೂ ‘ದಿಯಾಕೋನಿಯಾ’ ಎಂಬ ಒಂದೇ ಪದವಿದೆ. ಗಂಡನ ಮರಣ ಪ್ರಮಾಣಪತ್ರವಿಲ್ಲದೆ ನಿಮ್ಮ ಕಿಟಕಿಯಿಂದ ಹಿಂದಿರುಗುವ ಹೆಂಗಸು ಎಷ್ಟು ಸಲ ಬಸ್ಸಿನ ಖರ್ಚು ಮಾಡಿಕೊಂಡು ಬಂದಿರುತ್ತಾಳೆ? ಅವಳು ದಲ್ಲಾಳಿಯ ಕೈಗೆ ಬೀಳದಂತೆ ನೋಡಿಕೊಳ್ಳುವುದು ಸೇವೆಯಲ್ಲವೆಂದು ನಿಮಗೆ ಯಾರು ಹೇಳಿದರು?

ಶುಶ್ರೂಷಕಿ:

ಅಯ್ಯನವರ ಮಾತನ್ನು ನಾನು ಗೌರವಿಸುತ್ತೇನೆ, ಆದರೆ ಇನ್ನೊಂದು ಕಡೆಯಿಂದಲೂ ಹೇಳಬೇಕಾಗಿದೆ. ನೇಗಿಲಿಗೆ ಕೈಹಾಕಿ ಹಿಂದಕ್ಕೆ ನೋಡುವವನು ದೇವರ ರಾಜ್ಯಕ್ಕೆ ತಕ್ಕವನಲ್ಲ ಎಂಬ ಮಾತೂ ಅದೇ ಲೂಕನ 9ನೆಯ ಅಧ್ಯಾಯದಲ್ಲಿದೆ. ಮನೆಯವರು, ಉದ್ಯೋಗ ಎಂಬವು ನಿಜವಾದ ಹೊಣೆಯಾಗಿರಬಹುದು, ಕೆಲವರಿಗೆ ಒಳ್ಳೆಯ ನೆಪವೂ ಆಗಿರಬಹುದು. ನನಗೆ ನಾಲ್ಕು ವರ್ಷ ಅದು ನೆಪವೇ ಆಗಿತ್ತು.

ನಾನು ಬೆಂಗಳೂರಿನ ಖಾಸಗಿ ಆಸ್ಪತ್ರೆಯ ಕೆಲಸ ಬಿಟ್ಟು ಮಧ್ಯ ಭಾರತದ ಒಂದು ಮಿಷನ್ ಆಸ್ಪತ್ರೆಗೆ ಬಂದು ಆರು ವರ್ಷಗಳಾದವು. ಬರುವ ಮೊದಲು, ಗೋಪುರ ಕಟ್ಟುವವನು ಕೂತು ಖರ್ಚು ಲೆಕ್ಕ ಹಾಕಬೇಕೆಂದು ಕರ್ತನೇ ಹೇಳಿದಂತೆ, ಗಂಡನೂ ನಾನೂ ಹಾಳೆಯ ಮೇಲೆ ಬರೆದು ಲೆಕ್ಕ ಹಾಕಿದೆವು. ಆದ್ದರಿಂದ ಲೆಕ್ಕ ಹಾಕಿದ್ದಕ್ಕೆ ನೀವು ನಾಚಬೇಕಾಗಿಲ್ಲ. ಲೆಕ್ಕ ಹಾಕಿದ ಮೇಲೆ ಉತ್ತರ ಏನು ಬಂದರೂ ಕರ್ತನ ಮುಂದೆ ಒಪ್ಪಿಕೊಳ್ಳುವೆನೇ ಎಂದು ಮಾತ್ರ ನಿಮ್ಮನ್ನು ನೀವು ಕೇಳಿಕೊಳ್ಳಿ.

ಇಲ್ಲಿ ನನಗೆ ವಹಿಸಿದ್ದು ಕುಷ್ಠರೋಗಿಗಳ ಪಾದದ ಹುಣ್ಣುಗಳ ಆರೈಕೆ. ಈ ರೋಗದಲ್ಲಿ ನರಗಳು ಕೆಟ್ಟು ನೋವಿನ ಅರಿವೇ ಹೋಗಿಬಿಡುವುದರಿಂದ ಮುಳ್ಳು ಚುಚ್ಚಿದರೂ, ಬಿಸಿ ಪಾತ್ರೆ ಸುಟ್ಟರೂ ತಿಳಿಯುವುದಿಲ್ಲ. ಬೆರಳುಗಳು ಹೋಗುವುದಕ್ಕೆ ಈ ಅರಿವಿಲ್ಲದ ಗಾಯಗಳೇ ಮುಖ್ಯ ಕಾರಣವೆಂಬುದನ್ನು ವೆಲ್ಲೂರಿನಲ್ಲಿ ಡಾ. ಪಾಲ್ ಬ್ರಾಂಡ್ ಅವರು ತಮ್ಮ ರೋಗಿಗಳನ್ನು ಗಮನಿಸುತ್ತಲೇ ಕಂಡುಕೊಂಡು ಜಗತ್ತಿಗೆ ತೋರಿಸಿದರು. ಪಾದಗಳನ್ನು ಇಪ್ಪತ್ತು ನಿಮಿಷ ತಣ್ಣೀರಿನಲ್ಲಿ ನೆನೆಸಿ, ದಪ್ಪಗಟ್ಟಿದ ಚರ್ಮವನ್ನು ಉಜ್ಜಿ ತೆಗೆದು, ತೇವ ಆರುವ ಮೊದಲೇ ಎಣ್ಣೆ ಹಚ್ಚಿ, ಗಾಯಕ್ಕೆ ಪಟ್ಟಿ ಕಟ್ಟಿ, ಮೆತ್ತನೆಯ ಮೈಕ್ರೋಸೆಲ್ಯುಲರ್ (ಎಂ.ಸಿ.ಆರ್.) ರಬ್ಬರಿನ ಚಪ್ಪಲಿಯನ್ನು ಹಾಕಿಸುತ್ತೇವೆ. ಮರುದಿನ ಮತ್ತೆ ಅದನ್ನೇ ಮಾಡುತ್ತೇವೆ. ಮೊದಲ ವಾರ ನನಗೆ ಯೋಹಾನನ 13ನೆಯ ಅಧ್ಯಾಯ, ಸೊಂಟಕ್ಕೆ ಕೈಪಾವಡ ಕಟ್ಟಿಕೊಂಡು ಶಿಷ್ಯರ ಪಾದ ತೊಳೆದ ಕರ್ತನು, ಕಣ್ಣೆದುರಿಗೇ ಇದ್ದಂತೆ ಇತ್ತು. ಮೂರನೆಯ ತಿಂಗಳಿನಲ್ಲಿ ವಾಸನೆ ಮಾತ್ರ ಉಳಿದಿತ್ತು. ಒಬ್ಬ ಅಜ್ಜ ಪಟ್ಟಿ ಬಿಚ್ಚಿ ಹೊಲಕ್ಕೆ ಹೋಗಿ ಹುಣ್ಣನ್ನು ಮತ್ತೆ ಕೆಡಿಸಿಕೊಂಡು ಬಂದಾಗ ನಾನು ಸಿಟ್ಟಿನಿಂದ ಕೂಗಾಡಿದೆ. ಅವರು ತಲೆ ತಗ್ಗಿಸಿ, ಬಿತ್ತನೆಯ ಹೊತ್ತಮ್ಮಾ ಎಂದರು. ಉದ್ಯೋಗ ಬಿಟ್ಟು ಬಂದಿದ್ದ ನನ್ನಲ್ಲಿ ಅಂದು ಪೂರ್ಣ ಹೃದಯವಿರಲಿಲ್ಲ. ಆ ಹಿರಿಯರು ನಿಮಗೆ ಹೇಳಿದ ಮಾತು ಪೂರ್ಣಾವಧಿಯಲ್ಲಿರುವ ನಮಗೂ ಅಷ್ಟೇ ಸಲ್ಲುತ್ತದೆ.

ಕರಾವಳಿಯ ಓದುಗ:

ನಾನು ಕಥೋಲಿಕನು, ಪದಗಳಲ್ಲಿ ವ್ಯತ್ಯಾಸವಿದ್ದರೆ ಕ್ಷಮಿಸಬೇಕು. ಮಂಗಳೂರಿಗೆ ಬಂದ ಯೇಸುಸಭೆಯ ಗುರುಗಳಾದ ಫಾದರ್ ಅಗಸ್ಟಸ್ ಮುಲ್ಲರ್ ಅವರಿಗೆ ವಹಿಸಿದ್ದ ಕೆಲಸ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಪಾಠ ಹೇಳುವುದು. ಹೋಮಿಯೋಪತಿಯನ್ನು ಬಲ್ಲವರಾಗಿದ್ದರಿಂದ ಅದರ ಜೊತೆಯಲ್ಲಿಯೇ ಬಡವರಿಗೆ ಔಷಧಿ ಕೊಡತೊಡಗಿದರು. 1880ರಲ್ಲಿ ಕಂಕನಾಡಿಯಲ್ಲಿ ಆರಂಭವಾದ ಆ ಸಣ್ಣ ಔಷಧಾಲಯವೇ, 1890ರಲ್ಲಿ ಕುಷ್ಠರೋಗಿಗಳ ಆಶ್ರಯಧಾಮವನ್ನೂ ಸೇರಿಸಿಕೊಂಡು, ಇಂದಿನ ದೊಡ್ಡ ಆಸ್ಪತ್ರೆಯಾಗಿ ಬೆಳೆದಿದೆ. ಅವರು 1910ರಲ್ಲಿ ತೀರಿಕೊಂಡರು. ವಹಿಸಿದ ಕೆಲಸದ ಪಕ್ಕದಲ್ಲಿ, ಬಿಡುವಿನಲ್ಲಿ ಮಾಡಿದ್ದು ಅರ್ಧ ಹೃದಯದ್ದೇ ಆಗಿರಬೇಕೆಂದಿಲ್ಲ ಎಂಬುದಕ್ಕಾಗಿ ಇದನ್ನು ಬರೆದೆ.

ಬೆಳವಲದವನು:

ಎಲ್ಲರಿಗೂ ಕೃತಜ್ಞತೆಗಳು. ಅಯ್ಯನವರೇ, ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಹುಡುಕಲು ನಿನ್ನೆ ಬಾಕಿಯಿರುವ ಕಡತಗಳನ್ನು ಎಣಿಸಿದೆ. ಸಣ್ಣ ದಾಖಲೆಯೊಂದು ಇಲ್ಲವೆಂಬ ಕಾರಣಕ್ಕೆ ನಿಂತುಹೋಗಿರುವ ವಿಧವಾ ವೇತನದ ಅರ್ಜಿಗಳು 14 ಇವೆ. ಅವುಗಳಲ್ಲಿ ಮೂರರ ಮೇಲೆ ‘ಹಿಂದಿರುಗಿಸಿದೆ’ ಎಂದು ಬರೆದ ಅಕ್ಷರ ನನ್ನದೇ. ಇಂದು ಆ ಮೂವರ ಗ್ರಾಮ ಆಡಳಿತ ಅಧಿಕಾರಿಗಳಿಗೆ ಫೋನು ಮಾಡಿದ್ದೇನೆ. ಸಹೋದರಿಯವರ ಮಾತನ್ನೂ ಬದಿಗಿಟ್ಟಿಲ್ಲ. ತಂದೆಯವರ ಜವಾಬ್ದಾರಿ ನಡುವೆ ಇರುವವರೆಗೆ ಆ ಕರೆಗೆ ನನ್ನಲ್ಲಿ ಉತ್ತರವಿಲ್ಲ, ಆದರೆ ಪ್ರಾರ್ಥನೆಯಲ್ಲಿ ಅದನ್ನು ಮುಚ್ಚಿಡುವುದನ್ನು ನಿಲ್ಲಿಸಿದ್ದೇನೆ. ಸಹೋದರಿಯವರೇ, ಒಂದು ವಿಷಯ ಕೇಳಲೇ? ತಂದೆಯವರ ಎಡ ಹಿಮ್ಮಡಿಯಲ್ಲಿ ನಾಲ್ಕು ದಿನಗಳಿಂದ ಕೆಂಪು ಕಲೆಯೊಂದು ಮಾಯದೆ ಉಳಿದಿದೆ. ನಾನು ದಿನಾಲೂ ಎಣ್ಣೆ ಹಾಕಿ ತಿಕ್ಕುತ್ತಿದ್ದೇನೆ.

ಶುಶ್ರೂಷಕಿ:

ತಿಕ್ಕಬೇಡಿ, ಅದು ಒತ್ತಡದ ಹುಣ್ಣಿನ ಆರಂಭವಿರಬಹುದು, ತಿಕ್ಕಿದರೆ ಒಳಗಿನ ಮಾಂಸಕ್ಕೆ ಪೆಟ್ಟಾಗುತ್ತದೆ. ಮೀನಖಂಡದ ಕೆಳಗೆ ದಿಂಬಿಟ್ಟು, ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿಕೊಳ್ಳಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಸೊಂಟದ ಹಿಂಭಾಗವನ್ನೂ ನೋಡಿ. ನಾಳೆಯೇ ವೈದ್ಯರಿಗೆ ತೋರಿಸಿ, ಅವರು ಏನು ಹೇಳಿದರೆಂದು ಇಲ್ಲಿಯೇ ಬರೆಯಿರಿ. ರಾತ್ರಿ ಪಾಳಿಯಲ್ಲಿದ್ದೇನೆ, ನೋಡುತ್ತಿರುತ್ತೇನೆ.