ಫುಲ್‌ಸ್ಕ್ರೀನ್ ಇದ್ದಾಗ ವಿಂಡೋಸ್ ಕೀ ಒತ್ತಿಹೋಗುತ್ತೆ, ನೀವೆಲ್ಲ ಏನು ಮಾಡಿಕೊಂಡಿದ್ದೀರಿ?

ಮದುವೆಗಳಲ್ಲಿ ಎಲ್‌ಇಡಿ ವಾಲ್‌ಗೆ ವಿಡಿಯೊ ಬಿಡೋದು ನನ್ನ ಕೆಲಸ. ಮೊನ್ನೆ ಧಾರೆ ಹೊತ್ತಲ್ಲಿ ಕಂಟ್ರೋಲ್ ಒತ್ತಲು ಹೋಗಿ ಪಕ್ಕದ ವಿಂಡೋಸ್ ಕೀ ಒತ್ತಿದೆ. ವಾಲ್ ತುಂಬಾ ಸ್ಟಾರ್ಟ್ ಮೆನು. ಅನುಭವ ಇದ್ದವರು ತಿಳಿಸಿ.

ಡಿಟಿಪಿ ದಾವಣಗೆರೆ: ಆ ಕೀನೇ ಕಿತ್ತುಬಿಡಿ. ನಾನು 2019ರಲ್ಲಿ 4,200 ಕೊಟ್ಟು ಮೆಕ್ಯಾನಿಕಲ್ ಕೀಬೋರ್ಡ್ ತಗೊಂಡೆ. ಸ್ಕ್ರೂಡ್ರೈವರಲ್ಲಿ ಮೀಟಿದಾಗ ಒಳಗಿನ ಕಡ್ಡಿ ಮುರೀತು. ಸ್ವಿಚ್‌ಗೆ 60, ಬೆಸುಗೆಗೆ 350, ಅಂಗಡಿಗೆ ಮೂರು ಸಲ ಅಲೆದಾಟ. ಆಮೇಲೆ ಒಂದು ದಿನವೂ ತೊಂದರೆ ಇಲ್ಲ.

ರಾತ್ರಿಪಾಳಿ: ಕೀ ಕೀಳೋದು ಪರಿಹಾರವೇ? ವಿಂಡೋಸ್ ತನ್ನ ಸೆಟಿಂಗ್ಸ್ ಇಟ್ಟುಕೊಳ್ಳೋ ರಿಜಿಸ್ಟ್ರಿಯಲ್ಲಿ ಸ್ಕ್ಯಾನ್‌ಕೋಡ್ ಮ್ಯಾಪ್ (ಯಾವ ಕೀ ಏನು ಮಾಡಬೇಕು ಅನ್ನೋ ಪಟ್ಟಿ) ಹಾಕಿ, ಎರಡೂ ವಿಂಡೋಸ್ ಕೀ ಸತ್ತುಹೋಗುತ್ತವೆ. ಆ ಪಟ್ಟಿಯ ಸಾಲುಗಳ ಎಣಿಕೆ (ಎರಡು ಕೀ, ಜೊತೆಗೆ ಕೊನೆಯ ಖಾಲಿ ಸಾಲು) 03 ಇರಬೇಕಾದಲ್ಲಿ ನಾನು 02 ಹಾಕಿದ್ದೆ. ಎಡಗಡೆಯದು ಸತ್ತಿತು, ಬಲಗಡೆಯದು ಬದುಕಿತ್ತು. ಸರಿಪಡಿಸೋಕೆ ಎರಡು ಸಲ ರೀಸ್ಟಾರ್ಟ್, ಒಂದು ಇಡೀ ಸಂಜೆ. ಸ್ಕ್ರೀನ್ ಲಾಕ್ ಮಾಡೋ ವಿಂಡೋಸ್-ಎಲ್ ಕೂಡ ಹೋಯ್ತು, ಲಾಕ್ ಮಾಡದೆ ಎದ್ದುಹೋಗಿದ್ದಕ್ಕೆ ಆಫೀಸಲ್ಲಿ ನೋಟಿಸ್ ತಿಂದೆ. ಈಗ ಕಂಟ್ರೋಲ್-ಆಲ್ಟ್-ಡಿಲೀಟ್ ಒತ್ತಿ ಲಾಕ್ ಮಾಡ್ತೀನಿ.

ಗಣಿತ ಮೇಡಂ: ನನ್ನ ದುಡ್ಡು ತಿಂದಿದ್ದು ಶಿಫ್ಟ್ ಕೀ. ಆನ್‌ಲೈನ್ ಕ್ಲಾಸಲ್ಲಿ ಸ್ಲೈಡ್ ಫುಲ್‌ಸ್ಕ್ರೀನ್ ಇತ್ತು, ಯೋಚಿಸ್ತಾ ಬಲಗಡೆ ಶಿಫ್ಟ್ ಮೇಲೆ ಬೆರಳು ಇಟ್ಟೇ ಇದ್ದೆ. 8 ಸೆಕೆಂಡ್ ಒತ್ತಿ ಹಿಡಿದರೆ ಫಿಲ್ಟರ್ ಕೀಸ್ (ಅರೆಕ್ಷಣದ ಒತ್ತುಗಳನ್ನ ಲೆಕ್ಕಿಸದ ಸೌಲಭ್ಯ) ಬೇಕಾ ಅಂತ ಕೇಳುತ್ತೆ. ಓದದೆ ಎಸ್ ಅಂದೆ. ಆಮೇಲೆ ಒತ್ತಿ ಹಿಡಿಯದೆ ಒಂದಕ್ಷರ ಬೀಳಲಿಲ್ಲ. ಅಂಗಡಿಯವರು ಕೀಬೋರ್ಡ್ ಹೋಗಿದೆ ಅಂತ 1,850 ತಗೊಂಡು ಹೊಸದು ಹಾಕಿದರು. ಅದೂ ಹಾಗೇ! ಕೊನೆಗೆ ಸೆಟಿಂಗ್ಸಲ್ಲಿ ಆಫ್ ಮಾಡಿಕೊಟ್ಟಿದ್ದು ನನ್ನ ವಿದ್ಯಾರ್ಥಿ. ಆ 1,850 ವಾಪಸ್ ಬರಲಿಲ್ಲ.

ಡಿಟಿಪಿ ದಾವಣಗೆರೆ: ರಾತ್ರಿಪಾಳಿ ಅವರೇ, ನೋಟಿಸ್ ತಿಂದವರು ನಮಗೆ ಬುದ್ಧಿ ಹೇಳಬೇಡಿ. ನಾನು ಒಂದೇ ಕೀ ತೆಗೆದೆ, ಬಲಗಡೆಯದು ಈಗಲೂ ಕೆಲಸ ಮಾಡುತ್ತೆ.

ರಾತ್ರಿಪಾಳಿ: ಲ್ಯಾಪ್‌ಟಾಪಲ್ಲಿ ಸ್ಕ್ರೂಡ್ರೈವರ್ ಹಾಕ್ತೀರಾ? ಮೈಕ್ರೋಸಾಫ್ಟ್‌ನವರದೇ ಪವರ್‌ಟಾಯ್ಸ್ ತಂತ್ರಾಂಶದಲ್ಲಿ ಕೀಗಳ ಕೆಲಸ ಬದಲಿಸೋ ಕೀಬೋರ್ಡ್ ಮ್ಯಾನೇಜರ್ ಇದೆ, ಬೇಡದಾಗ ಆಫ್ ಮಾಡಬಹುದು. ನನಗೆ ಈಗ ಕಾಡೋದು ಟೈಪಿಂಗ್ ಭಾಷೆ ಬದಲಿಸೋ ವಿಂಡೋಸ್-ಸ್ಪೇಸ್ ಹೋಗಿದ್ದು ಮಾತ್ರ, ಕನ್ನಡಕ್ಕೆ ಅದೇ ಬೇಕಿತ್ತು.

ಡಿಟಿಪಿ ದಾವಣಗೆರೆ: ಕನ್ನಡ ಟೈಪಿಂಗ್ ತಂತ್ರಾಂಶ ನುಡಿ ಹಾಕಿದರೆ ಕನ್ನಡ-ಇಂಗ್ಲಿಷ್ ಬದಲಿಸೋಕೆ ಸ್ಕ್ರಾಲ್ ಲಾಕ್ ಕೀ ಸಾಕು.

ಪುಟವಿನ್ಯಾಸ: ಈಗಿನ ಎಷ್ಟೋ ಲ್ಯಾಪ್‌ಟಾಪಲ್ಲಿ ಸ್ಕ್ರಾಲ್ ಲಾಕೇ ಇಲ್ಲ ಸ್ವಾಮಿ. ನಿಮ್ಮಂಥವರು ಹಳೇ ನುಡಿ ಫಾಂಟಲ್ಲಿ ಕಳಿಸಿದ್ದನ್ನ ಯೂನಿಕೋಡ್‌ಗೆ ತಂದು, ಆಗ ಕೆಡೋ ಅರ್ಕಾವತ್ತು ಒಂದೊಂದೇ ತಿದ್ದಿ ನನ್ನ ಕಣ್ಣು ಹೋಗಿದೆ.

ಡಿಟಿಪಿ ದಾವಣಗೆರೆ: ನಮ್ಮೂರ ಪ್ರೆಸ್‌ನವರು ಕೇಳೋದೇ ಆ ಫಾಂಟು. ಅವರಿಗೆ ಹೇಳಿ, ನನಗಲ್ಲ.